‘ವೋ ಲಮ್ಹೇ’: ನೋಡುವ ಮೊದಲು, ನೋಡುವಾಗ, ನೋಡಿದ ಮೇಲೆ

ಸ್ಕಿಜೋಫ್ರೇನಿಯಾ ಇರುವವರ ಮನೆಯಲ್ಲಿ ಕೆಲವು ಸಿನಿಮಾಗಳನ್ನು ನೋಡುವುದು ಸುಲಭವಲ್ಲ. ತೆರೆಯ ಮೇಲೆ ಒಬ್ಬಾಕೆ ಬೇರೆ ಯಾರಿಗೂ ಕಾಣದವರನ್ನು ಕಂಡು ಬೆಚ್ಚಿಬಿದ್ದಾಗ, ಟಿವಿಯ ಮುಂದೆ ಕುಳಿತವರು ತೆರೆಯನ್ನು ನೋಡುವುದೋ ಪಕ್ಕದಲ್ಲಿ ಕುಳಿತವರ ಮುಖವನ್ನು ನೋಡುವುದೋ ತಿಳಿಯದೆ ಒದ್ದಾಡುತ್ತಾರೆ. ನನ್ನ ಚಿಕ್ಕಮ್ಮನಿಗೆ ಈ ಕಾಯಿಲೆ ಶುರುವಾಗಿ ಇಪ್ಪತ್ತೆರಡು ವರ್ಷಗಳಾದವು. ಇಂಥ ಕಾಯಿಲೆ ಇರುವವರ ಮನೆಮಂದಿ ತಿಂಗಳಿಗೊಮ್ಮೆ ಸೇರುವ ನಮ್ಮ ಸಣ್ಣ ಗುಂಪಿನಲ್ಲಿ ‘ವೋ ಲಮ್ಹೇ’ ಎಂಬ ಹಿಂದಿ ಚಿತ್ರದ ಮಾತು ಆಗಾಗ ಬರುತ್ತದೆ. ಅದನ್ನು ನೋಡಬಹುದೇ, ಕಾಯಿಲೆ ಇರುವವರಿಗೆ ತೋರಿಸಬಹುದೇ, ಅದರಲ್ಲಿ ಬರುವುದೆಲ್ಲ ನಿಜವೇ ಎಂದು ಹೊಸದಾಗಿ ಬಂದವರು ಕೇಳುತ್ತಾರೆ. ನೋಡಬಹುದು, ತೋರಿಸಲೂಬಹುದು. ಆದರೆ ಕೆಲವು ಸಂಗತಿಗಳನ್ನು ಮೊದಲೇ ತಿಳಿದುಕೊಂಡು, ಕೆಲವು ಸಿದ್ಧತೆಗಳನ್ನು ಮಾಡಿಕೊಂಡು ನೋಡಿದರೆ ಮಾತ್ರ ಅದರಿಂದ ಮನೆಗೆ ಪ್ರಯೋಜನವಾಗುತ್ತದೆ. ಇಷ್ಟು ವರ್ಷಗಳಲ್ಲಿ ನಾವು ರೂಢಿಸಿಕೊಂಡ ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನೋಡುವ ಮೊದಲು: ಇದು ಯಾರ ನೆನಪು?

2006ರ ಸೆಪ್ಟೆಂಬರ್ 29ರಂದು ತೆರೆಕಂಡ ಈ ಚಿತ್ರವನ್ನು ಮೋಹಿತ್ ಸೂರಿ ನಿರ್ದೇಶಿಸಿದ್ದಾರೆ. ಕಥೆ ಅವರ ಸೋದರಮಾವ ಮಹೇಶ್ ಭಟ್ ಅವರದು. ಹೆಸರಾಂತ ನಟಿ ಸನಾ ಅಜೀಮ್ ಪಾತ್ರದಲ್ಲಿ ಕಂಗನಾ ರನೌತ್, ಆಕೆಯನ್ನು ಪ್ರೀತಿಸುವ ಚಿತ್ರನಿರ್ದೇಶಕ ಆದಿತ್ಯನ ಪಾತ್ರದಲ್ಲಿ ಶೈನಿ ಅಹುಜಾ ಇದ್ದಾರೆ. ಮಹೇಶ್ ಭಟ್ ಮತ್ತು ನಟಿ ಪರ್ವೀನ್ ಬಾಬಿ ಅವರ ನಡುವೆ 1970ರ ದಶಕದ ಕೊನೆಯಲ್ಲಿದ್ದ ಸಂಬಂಧವೇ ಈ ಕಥೆಗೆ ಮೂಲ ಎಂಬುದನ್ನು ಭಟ್ ಎಂದೂ ಮುಚ್ಚಿಟ್ಟವರಲ್ಲ. ಅದೇ ಅನುಭವದಿಂದ ಅವರು 1982ರಲ್ಲಿ ‘ಅರ್ಥ್’ ಚಿತ್ರವನ್ನೂ ಮಾಡಿದ್ದರು. ಅದರಲ್ಲಿ ಶಬಾನಾ ಆಜ್ಮಿ ಹೆಂಡತಿಯಾಗಿಯೂ, ಸ್ಮಿತಾ ಪಾಟೀಲ್ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಳ್ಳುತ್ತಿರುವ ನಟಿಯಾಗಿಯೂ ಅಭಿನಯಿಸಿದ್ದಾರೆ.

ಪರ್ವೀನ್ ಬಾಬಿ ಗುಜರಾತಿನ ಜುನಾಗಢದವರು. ಅಹಮದಾಬಾದಿನಲ್ಲಿ ಓದಿ 1973ರಲ್ಲಿ ಚಿತ್ರರಂಗಕ್ಕೆ ಬಂದ ಅವರು 1975ರ ‘ದೀವಾರ್’ ಹೊತ್ತಿಗೆ ದೊಡ್ಡ ಹೆಸರಾಗಿದ್ದರು. 1976ರಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ಕೆಲವೇ ವರ್ಷಗಳಲ್ಲಿ ಕಾಯಿಲೆಯ ಸುದ್ದಿ ಹಬ್ಬಿತು. 1983ರಲ್ಲಿ ಕೆಲಸವನ್ನು ಬಿಟ್ಟು ಹೊರಟುಹೋದವರು 1989ರಲ್ಲಿ ಮುಂಬೈಗೆ ಮರಳಿದರು, ಆಮೇಲೆ ಹೆಚ್ಚುಕಡಿಮೆ ಒಂಟಿಯಾಗಿಯೇ ಬದುಕಿದರು. ನಮ್ಮ ಊರಿಗೂ ಈ ಕಥೆಯ ಒಂದು ಎಳೆ ತಾಗುತ್ತದೆ: ಕಾಯಿಲೆ ಜೋರಾಗಿದ್ದ ದಿನಗಳಲ್ಲಿ ಅವರನ್ನು ಬೆಂಗಳೂರಿಗೆ, ತತ್ತ್ವಚಿಂತಕ ಯು.ಜಿ. ಕೃಷ್ಣಮೂರ್ತಿಯವರ ಬಳಿಗೆ ಕರೆದುಕೊಂಡು ಬಂದಿದ್ದಾಗಿ ಭಟ್ ಹೇಳಿಕೊಂಡಿದ್ದಾರೆ. 2005ರ ಜನವರಿಯಲ್ಲಿ ಜುಹುವಿನ ಅವರ ಫ್ಲ್ಯಾಟಿನ ಬಾಗಿಲ ಮುಂದೆ ಹಾಲಿನ ಪ್ಯಾಕೆಟ್ಟುಗಳೂ ದಿನಪತ್ರಿಕೆಗಳೂ ಎತ್ತಿಕೊಳ್ಳುವವರಿಲ್ಲದೆ ಹಾಗೆಯೇ ಬಿದ್ದಿದ್ದನ್ನು ಕಂಡು ಅಕ್ಕಪಕ್ಕದವರು ಪೊಲೀಸರಿಗೆ ತಿಳಿಸಿದರು. ಒಳಗೆ ಅವರು ತೀರಿಕೊಂಡು ಎರಡು ಮೂರು ದಿನಗಳಾಗಿದ್ದವು. ಮರುವರ್ಷ ‘ವೋ ಲಮ್ಹೇ’ ಬಂತು.

ಈ ಕ್ರಮವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಬಹಳ ಮುಖ್ಯ. ಚಿತ್ರ ಬಂದಾಗ ಅದರ ಬಗ್ಗೆ ಹೌದು ಎನ್ನಲು, ಅಲ್ಲ ಎನ್ನಲು ಆಕೆ ಇರಲಿಲ್ಲ. ತಮಗೆ ಸ್ಕಿಜೋಫ್ರೇನಿಯಾ ಇದೆ ಎಂಬುದನ್ನು ಬದುಕಿದ್ದಾಗ ಅವರು ಬಹಿರಂಗವಾಗಿ ಅಲ್ಲಗಳೆದಿದ್ದರು. ಅದು ತಮ್ಮ ವಿರುದ್ಧದ ಪಿತೂರಿ ಎಂದಿದ್ದರು. ಹಾಗೆ ಅನ್ನಿಸುವುದು ಕಾಯಿಲೆಯ ಭಾಗವೂ ಆಗಿರಬಹುದು. ತನ್ನ ಖಾಸಗಿ ಬದುಕನ್ನು ಪತ್ರಿಕೆಗಳು ವರ್ಷಗಟ್ಟಲೆ ಹರಿದು ಹಂಚಿದ್ದನ್ನು ಕಂಡ ಹೆಂಗಸಿನ ಸಿಟ್ಟೂ ಅದರಲ್ಲಿ ಇರಬಹುದು. ‘ಅರ್ಥ್’ನಲ್ಲಿ ನಟಿಯನ್ನು ನಾವು ಹೆಂಡತಿಯ ನೋವಿನ ಕಡೆಯಿಂದ ನೋಡುತ್ತೇವೆ, ‘ವೋ ಲಮ್ಹೇ’ಯಲ್ಲಿ ಪ್ರಿಯಕರನ ನೆನಪಿನ ಕಡೆಯಿಂದ ನೋಡುತ್ತೇವೆ. ಆಕೆಯ ಕಡೆಯಿಂದ ಹೇಳಿದ ಚಿತ್ರ ಇವೆರಡರಲ್ಲಿ ಯಾವುದೂ ಅಲ್ಲ. ಆದ್ದರಿಂದ ಮನೆಯವರಿಗೆ ಚಿತ್ರವನ್ನು ಪರಿಚಯಿಸುವಾಗ ‘ಇದು ಪರ್ವೀನ್ ಬಾಬಿಯ ನಿಜವಾದ ಕಥೆ’ ಎನ್ನಬೇಡಿ. ‘ಕಾಯಿಲೆ ಬಿದ್ದ ನಟಿಯೊಬ್ಬಳನ್ನು ಪ್ರೀತಿಸಿದ ಗಂಡಸೊಬ್ಬನಿಗೆ ಉಳಿದ ನೆನಪು’ ಎನ್ನಿ. ಅಷ್ಟು ಹೇಳಿದರೂ ಸಾಕು, ನೋಡುವವರ ಕಣ್ಣು ಬೇರೆ ಕಡೆಗೆ ಹೊರಳುತ್ತದೆ.

ಕಾಯಿಲೆಯ ಬಗ್ಗೆಯೂ ಎರಡು ಮಾತು ಮೊದಲೇ ಆಗಿರಲಿ. ಕನ್ನಡದಲ್ಲಿ ಇದನ್ನು ಚಿತ್ತವಿಕಲತೆ ಎನ್ನುವುದುಂಟು. ಆಸ್ಪತ್ರೆಯ ಚೀಟಿಯಲ್ಲಿ ಸ್ಕಿಜೋಫ್ರೇನಿಯಾ ಎಂದೇ ಇರುತ್ತದೆ. ಒಬ್ಬರೊಳಗೆ ಇಬ್ಬರು ಇರುವ ಕಾಯಿಲೆ ಇದು ಎಂದು ಅನೇಕರು ತಿಳಿದಿದ್ದಾರೆ, ಅದು ತಪ್ಪು. ಯಾರೂ ಮಾತಾಡದಿದ್ದರೂ ದನಿ ಕೇಳುವುದು, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಅಥವಾ ಊಟದಲ್ಲಿ ಏನನ್ನೋ ಬೆರೆಸುತ್ತಿದ್ದಾರೆ ಎಂದು ಎಷ್ಟು ಹೇಳಿದರೂ ಅಲುಗದಂತೆ ನಂಬುವುದು, ಮಾತು ಎಳೆ ತಪ್ಪುವುದು ಇದರ ಒಂದು ಮುಖ. ಮಾತು ಕಡಿಮೆಯಾಗುವುದು, ಸ್ನಾನವೂ ಬೇಡವೆನಿಸುವುದು, ಇಷ್ಟವಿದ್ದ ಕೆಲಸದಲ್ಲಿ ಆಸಕ್ತಿ ಆರಿಹೋಗುವುದು ಇನ್ನೊಂದು ಮುಖ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 300 ಮಂದಿಯಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಹೆಂಗಸರಲ್ಲಿ ಇದು ಗಂಡಸರಿಗಿಂತ ಕೆಲವು ವರ್ಷ ತಡವಾಗಿ, ಹೆಚ್ಚಾಗಿ ಇಪ್ಪತ್ತರ ನಡುವಿನಿಂದ ಮೂವತ್ತರ ಆಚೀಚೆ ಕಾಣಿಸಿಕೊಳ್ಳುತ್ತದೆ. ನಟಿಯೊಬ್ಬಳ ವೃತ್ತಿ ಏರುವ ಕಾಲವೂ ಅದೇ ಆಗಿರುತ್ತದೆ.

ಯಾರೊಡನೆ, ಯಾವಾಗ ನೋಡಬೇಕು

ಕಾಯಿಲೆ ಇರುವವರೊಡನೆ ನೋಡುವುದಾದರೆ ಮೊದಲು ಮನೆಯ ದೊಡ್ಡವರೊಬ್ಬರು ಒಂಟಿಯಾಗಿ ಒಮ್ಮೆ ನೋಡಿಬಿಡಬೇಕು. ಆಮೇಲೆ ಕಾಯಿಲೆ ಇರುವವರನ್ನೇ ಕೇಳಬೇಕು. ಕೇಳುವಾಗ ಏನನ್ನೂ ಬಚ್ಚಿಡಬಾರದು: ಚಿತ್ರ ಆತ್ಮಹತ್ಯೆಯ ಪ್ರಯತ್ನದಿಂದಲೇ ಶುರುವಾಗುತ್ತದೆ, ಕೊನೆಯಲ್ಲಿ ನಾಯಕಿ ಸಾಯುತ್ತಾಳೆ, ನಡುವೆ ಆಸ್ಪತ್ರೆಯ ದೃಶ್ಯಗಳಿವೆ ಎಂದು ನೇರವಾಗಿ ಹೇಳಿ. ಕಥೆ ಬಿಟ್ಟುಕೊಟ್ಟಂತಾಗುತ್ತದೆ ಎಂದು ಹಿಂಜರಿಯುವ ಅಗತ್ಯವಿಲ್ಲ. ಸಾವಿನ ಯೋಚನೆ ಇತ್ತೀಚೆಗೆ ಬಂದಿದ್ದವರಿಗೆ, ದನಿಗಳ ಕಾಟ ಹೆಚ್ಚಾಗಿರುವವರಿಗೆ, ಮಾತ್ರೆ ಬದಲಾಯಿಸಿ ಕೆಲವೇ ವಾರಗಳಾದವರಿಗೆ ಈ ಚಿತ್ರ ಬೇಡವೇ ಬೇಡ. ಉಳಿದವರ ವಿಷಯದಲ್ಲಿ ಸಂಶಯವಿದ್ದರೆ ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ. ಸಿನಿಮಾ ತೋರಿಸಬಹುದೇ ಎಂದು ಕೇಳಿದರೆ ಅವರು ನಗುವುದಿಲ್ಲ.

ರಾತ್ರಿ ಊಟವಾದ ಮೇಲೆ ನೋಡಬೇಡಿ. ರಾತ್ರಿಯ ಮಾತ್ರೆಯ ಮಂಪರಿನಲ್ಲಿ ಇಂಥ ದೃಶ್ಯಗಳು ನಿದ್ದೆಯೊಳಗೂ ಹೋಗುತ್ತವೆ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಹತ್ತರ ಹೊತ್ತಿಗೆ ಶುರು ಮಾಡಿದರೆ ಊಟದ ವೇಳೆಗೆ ಮುಗಿಯುತ್ತದೆ, ಆಮೇಲೆ ಮಾತಾಡುವುದಕ್ಕೆ ಇಡೀ ಮಧ್ಯಾಹ್ನ ಸಿಗುತ್ತದೆ. ಕಿಟಕಿಯ ಪರದೆ ಎಳೆಯಬೇಡಿ, ದೀಪ ಆರಿಸಬೇಡಿ. ರಿಮೋಟು ಕಾಯಿಲೆ ಇರುವವರ ಕೈಯಲ್ಲೇ ಇರಲಿ. ಅವರು ನಿಲ್ಲಿಸಿದರೆ ಯಾಕೆ ಎಂದು ಕೇಳದೆ ಎದ್ದು ಕಾಫಿ ಮಾಡಲು ಹೋಗಿ. ‘ನೋಡು, ನೀನೂ ಹೀಗೇ ಮಾಡ್ತಿದ್ದೆ’ ಎಂಬ ಮಾತನ್ನು ಯಾರೂ, ಮಕ್ಕಳೂ ಸಹ, ಆಡಬಾರದು ಎಂದು ಮೊದಲೇ ಎಲ್ಲರಿಗೂ ಹೇಳಿಡಿ. ಹಾಗೆ ಹೋಲಿಸುವ ಅಧಿಕಾರ ಇರುವುದು ಕಾಯಿಲೆ ಅನುಭವಿಸಿದವರಿಗೆ ಮಾತ್ರ. ಅವರು ಹೋಲಿಸಿಕೊಂಡರೆ ಸುಮ್ಮನೆ ಕೇಳಿಸಿಕೊಳ್ಳಬೇಕು.

ನೋಡುವಾಗ: ಒಂದು ಹಾಳೆ, ಎರಡು ಬದಿ

ಮೊದಲ ಸಲ ಸುಮ್ಮನೆ ನೋಡಿ. ಹಾಡುಗಳು ಚೆನ್ನಾಗಿವೆ, ಕಂಗನಾ ಅವರ ಅಭಿನಯ ಅವರ ಅಂದಿನ ವಯಸ್ಸಿಗೆ ಬೆರಗು ಹುಟ್ಟಿಸುವಂತಿದೆ. ಅದನ್ನು ಸವಿಯುವುದರಲ್ಲಿ ತಪ್ಪೇನೂ ಇಲ್ಲ. ಎರಡನೆಯ ಸಲ ನೋಡುವಾಗ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಬದಿಯಲ್ಲಿ ಸನಾಳ ಬಗ್ಗೆ ಬೇರೆಯವರು ಹೇಳುವುದನ್ನು, ಆಕೆಗಾಗಿ ಬೇರೆಯವರು ತೀರ್ಮಾನಿಸುವುದನ್ನು ಬರೆಯಿರಿ. ಬಲಬದಿಯಲ್ಲಿ ತನಗೆ ಏನಾಗುತ್ತಿದೆ ಎಂದು ಆಕೆಯೇ ಹೇಳುವುದನ್ನು ಬರೆಯಿರಿ. ನಿರ್ಮಾಪಕರು, ಆಕೆಯ ದುಡ್ಡಿನ ಮೇಲೆ ಕಣ್ಣಿಟ್ಟ ಮೊದಲ ಗೆಳೆಯ, ವೈದ್ಯರು, ಕೊನೆಗೆ ಪ್ರೀತಿಸುವ ಆದಿತ್ಯನೂ ಸೇರಿ ನನ್ನ ಹಾಳೆಯ ಎಡಬದಿ ತುಂಬಿ ಹಿಂದಿನ ಪುಟಕ್ಕೆ ಹೋಗಿತ್ತು. ಬಲಬದಿಯಲ್ಲಿ ಬೆರಳೆಣಿಕೆಯಷ್ಟು ಸಾಲುಗಳಿದ್ದವು.

ಈ ಹಾಳೆ ಸಿನಿಮಾದ ತಪ್ಪನ್ನು ಹುಡುಕುವುದಕ್ಕಲ್ಲ, ನಮ್ಮ ಮನೆಗಳನ್ನು ನೋಡಿಕೊಳ್ಳುವುದಕ್ಕೆ. ನಮ್ಮ ಮನೆಯಲ್ಲೂ ಚಿಕ್ಕಮ್ಮನ ಬಗ್ಗೆ ಅಜ್ಜಿ, ಅಮ್ಮ, ಮಾವ, ನಾನು ಆಡಿದ ಮಾತುಗಳನ್ನು ಬರೆದಿದ್ದರೆ ಪುಸ್ತಕವಾಗುತ್ತಿತ್ತು. ಅವರು ಮೊದಲ ಸಲ ಆಸ್ಪತ್ರೆಗೆ ಹೋದದ್ದು ‘ನಂಜನಗೂಡಿಗೆ ಹೋಗಿ ದೇವರ ದರ್ಶನ ಮಾಡಿ ಬರೋಣ’ ಎಂದು ನಾವು ಹೇಳಿದ ಸುಳ್ಳಿನ ಮೇಲೆ. ಮಡಿಲಿನಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಊದುಬತ್ತಿಯ ಚೀಲ ಇಟ್ಟುಕೊಂಡು ಕಾರಿನ ಕಿಟಕಿಯ ಪಕ್ಕ ಕುಳಿತಿದ್ದರು. ಕಾರು ಬೇರೆ ದಾರಿ ಹಿಡಿದಾಗ ತಿರುಗಿ ನೋಡಿದ ಆ ನೋಟವನ್ನು ನಾನು ಮರೆತಿಲ್ಲ. ಆ ಕಾಯಿ ವಾರ್ಡಿನ ಕಿಟಕಿಯ ಮೇಲೆ ಎಷ್ಟೋ ದಿನ ಹಾಗೆಯೇ ಇತ್ತು.

ಮೂರು ಕಡೆ ನಿಲ್ಲಿಸಿ ಮಾತಾಡಿ

ಮೊದಲನೆಯದು, ಚಿತ್ರೀಕರಣದ ಸೆಟ್ಟಿನಲ್ಲಿ ಸನಾ ಕುಸಿಯುವ ಭಾಗ. ಯಾರಿಗೂ ಕಾಣದ ಆಕೃತಿ ಆಕೆಗೆ ಕಾಣುತ್ತದೆ. ಸಿನಿಮಾ ಕಣ್ಣಿನ ಮಾಧ್ಯಮವಾದ್ದರಿಂದ ನಿರ್ದೇಶಕರು ಕಾಯಿಲೆಯನ್ನು ಒಂದು ಆಕೃತಿಯಾಗಿ ತೋರಿಸಿದ್ದಾರೆ, ಅದು ಅರ್ಥವಾಗುವಂಥದ್ದೇ. ವಾಸ್ತವದಲ್ಲಿ ಈ ಕಾಯಿಲೆಯಲ್ಲಿ ಕಾಣುವುದಕ್ಕಿಂತ ಕೇಳಿಸುವುದೇ ಹೆಚ್ಚು. ಬೈಯುವ, ಅಣಕಿಸುವ, ಮಾಡುವ ಕೆಲಸವನ್ನೆಲ್ಲ ವಿವರಿಸುತ್ತ ಹೋಗುವ ದನಿಗಳವು. ಸಿನಿಮಾದಂತೆ ಕಾಯಿಲೆ ಇರುವವರಿಗೆ ಏನಾದರೂ ಕಂಡೀತು ಎಂದು ಕಾಯುತ್ತ ಕುಳಿತವರು, ಒಬ್ಬರೇ ಗುನುಗುವ, ಕಿವಿಗೆ ಹತ್ತಿ ತುರುಕಿಕೊಳ್ಳುವ, ಮಾತಿನ ನಡುವೆ ತಟ್ಟನೆ ನಿಲ್ಲಿಸಿ ಬೇರೆಡೆಗೆ ಕಿವಿಗೊಡುವ ಚಿಹ್ನೆಗಳನ್ನು ತಿಂಗಳುಗಟ್ಟಲೆ ಗುರುತಿಸದೆ ಹೋಗುತ್ತಾರೆ. ಈ ಭಾಗದಲ್ಲಿ ಇನ್ನೊಂದನ್ನೂ ಗಮನಿಸಿ: ಸೆಟ್ಟಿನಲ್ಲಿ ಅಷ್ಟು ಜನರಿದ್ದಾರೆ, ಎಲ್ಲರಿಗೂ ಆಕೆಯ ಡೇಟು ಬೇಕು. ಆಕೆಗೆ ಎರಡು ವಾರ ರಜೆ ಕೊಡೋಣ ಎನ್ನುವ ಸ್ಥಿತಿಯಲ್ಲಿ ಯಾರೂ ಇಲ್ಲ. ಒಬ್ಬಳ ಮುಖದ ಮೇಲೆ ನೂರು ಜನರ ಅನ್ನ ನಿಂತಿರುವ ಉದ್ಯಮದಲ್ಲಿ ಕಾಯಿಲೆ ತಡವಾಗಿ ಪತ್ತೆಯಾಗುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು, ಆಸ್ಪತ್ರೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಈ ಚಿತ್ರ ಮನೆಮಂದಿಯ ಮನಸ್ಸಿನಲ್ಲಿ ಉಳಿಸಿಹೋಗುವ ದೊಡ್ಡ ಭಯ ಇದೇ. ಸನಾಳಿಗೆ ಕರೆಂಟ್ ಕೊಡುತ್ತಾರೆ ಎಂಬ ಹೆದರಿಕೆಯಿಂದ ಆದಿತ್ಯ ಆಕೆಯನ್ನು ಆಸ್ಪತ್ರೆಯಿಂದ ಬಿಡಿಸಿಕೊಂಡು ಓಡುತ್ತಾನೆ, ನೋಡುವವರೂ ‘ಸದ್ಯ, ಪಾರಾದಳು’ ಎಂದು ಉಸಿರುಬಿಡುತ್ತಾರೆ. ಜನ ‘ಕರೆಂಟ್’ ಎನ್ನುವುದು ವಿದ್ಯುತ್ ಕಂಪನ ಚಿಕಿತ್ಸೆಗೆ, ಅಂದರೆ ಮೆದುಳಿಗೆ ಸ್ವಲ್ಪ ವಿದ್ಯುತ್ ಹಾಯಿಸಿ ಕಂಪನ ಬರಿಸುವ ಚಿಕಿತ್ಸೆಗೆ; ಅದು 1938ರಲ್ಲಿ ಇಟಲಿಯಲ್ಲಿ ಶುರುವಾದದ್ದು. ಹಿಂದೆ ಅದನ್ನು ಅರಿವಳಿಕೆ ಇಲ್ಲದೆ ಕೊಡುತ್ತಿದ್ದ ಕಾಲವಿತ್ತು, ಹಾಗಾಗಿ ಜನರ ಭಯಕ್ಕೆ ಬುಡವಿಲ್ಲ ಎನ್ನುವಂತಿಲ್ಲ. ಇಂದು ರೋಗಿಗೆ ಅರಿವಳಿಕೆ ಕೊಟ್ಟು, ಸ್ನಾಯುಗಳು ಸಡಿಲಗೊಳ್ಳುವ ಔಷಧ ಕೊಟ್ಟು, ಆಮೇಲೆಯೇ ಚಿಕಿತ್ಸೆ ಮಾಡುತ್ತಾರೆ. ಕಂಪನ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಎಚ್ಚರವಾದ ಮೇಲೆ ಸ್ವಲ್ಪ ಹೊತ್ತು ಗೊಂದಲ, ತಲೆನೋವು, ಆ ದಿನಗಳ ಕೆಲವು ಸಂಗತಿಗಳು ಮರೆತುಹೋಗುವುದು ಇರುತ್ತದೆ. ಕೆಲವರಿಗೆ ಮರೆವಿನ ತೊಂದರೆ ಹೆಚ್ಚು ಕಾಲ ಕಾಡುವುದೂ ಉಂಟು, ಅದನ್ನು ವೈದ್ಯರ ಬಳಿ ಮುಚ್ಚುಮರೆಯಿಲ್ಲದೆ ಕೇಳಿ ತಿಳಿಯಬೇಕು. ಅನ್ನನೀರು ಬಿಟ್ಟು ಕಲ್ಲಿನಂತೆ ಕುಳಿತುಬಿಟ್ಟವರಿಗೆ, ಪ್ರಾಣ ಕಳೆದುಕೊಳ್ಳುವ ಅಪಾಯ ತೀವ್ರವಾಗಿರುವವರಿಗೆ ಈ ಚಿಕಿತ್ಸೆ ಜೀವ ಉಳಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮು ಅರಿವಳಿಕೆ ಮತ್ತು ಸ್ನಾಯು ಸಡಿಲಗೊಳಿಸುವ ಔಷಧವಿಲ್ಲದೆ ಇದನ್ನು ಕೊಡುವುದನ್ನು ನಿಷೇಧಿಸಿದೆ. ಕಾಯಿಲೆ ಇರುವವರನ್ನು ಸರಪಳಿಯಲ್ಲಿ ಕಟ್ಟುವುದನ್ನೂ ಅದೇ ಕಲಮು ನಿಷೇಧಿಸಿದೆ.

ನಮ್ಮ ಮನೆಯಲ್ಲಿ ಚಿಕ್ಕಮ್ಮ ರಿಮೋಟನ್ನು ಒತ್ತಿದ್ದು ಇಲ್ಲೇ. ಕರೆಂಟಿನ ಭಯಕ್ಕೆ ನಿಲ್ಲಿಸಿದರು ಎಂದು ನಾವು ಅಂದುಕೊಂಡೆವು. ಅವರಿಗೂ ಆ ಚಿಕಿತ್ಸೆ ಆಗಿತ್ತು. ಅವರು ತೆರೆಯ ಮೇಲೆ ನಿಂತುಹೋದ ಸನಾಳ ಮುಖವನ್ನು ಬಹಳ ಹೊತ್ತು ನೋಡಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ‘ಇಷ್ಟು ಜನ ಸುತ್ತ ಇದಾರೆ, ಅವಳು ಊಟ ಮಾಡಿದ್ಳಾ ಅಂತ ಒಬ್ಬರೂ ಕೇಳ್ಲಿಲ್ವಲ್ಲೇ’ ಎಂದರು. ನನ್ನ ಹಾಳೆಯ ಯಾವ ಬದಿಯಲ್ಲೂ ಆ ಸಾಲು ಇರಲಿಲ್ಲ.

ಆ ಮಧ್ಯಾಹ್ನ ನಾವು ಅದೇ ಕಾಯ್ದೆಯ ಇನ್ನೊಂದು ಅನುಕೂಲವನ್ನು ಬಳಸಿಕೊಂಡೆವು. ಮುಂದೆ ಕಾಯಿಲೆ ಉಲ್ಬಣಿಸಿದರೆ ತನಗೆ ಯಾವ ಬಗೆಯ ಆರೈಕೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂಬುದನ್ನು ಆರೋಗ್ಯ ಸರಿಯಿರುವಾಗಲೇ ಬರೆದಿಡುವ ಹಕ್ಕನ್ನು ಅದರ 5ನೇ ಕಲಮು ಕೊಡುತ್ತದೆ. ವೈದ್ಯರ ಬಳಿ ಅಥವಾ ಆಸ್ಪತ್ರೆಯ ಸಮಾಜಕಾರ್ಯಕರ್ತರ ಬಳಿ ಕೇಳಿದರೆ ಹೇಗೆ ಬರೆಯಬೇಕೆಂದು ತಿಳಿಸುತ್ತಾರೆ. ಚಿಕ್ಕಮ್ಮ ಕರಡಿನಲ್ಲಿ ಮೊದಲು ಬರೆಸಿದ್ದು ಚಿಕಿತ್ಸೆಯ ಮಾತನ್ನಲ್ಲ: ‘ಆಸ್ಪತ್ರೆಗೆ ಕರ್ಕೊಂಡು ಹೋಗೋವಾಗ ಆಸ್ಪತ್ರೆಗೆ ಅಂತಲೇ ಹೇಳಬೇಕು.’ ನೀವೂ ಈ ದೃಶ್ಯವಾದ ಮೇಲೆ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ ಇಂಥದ್ದೊಂದು ಕರಡು ಬರೆಯಲು ಕುಳಿತರೆ ಉಳಿದ ಸಿನಿಮಾ ಇನ್ನೊಂದು ದಿನಕ್ಕೆ ಕಾಯುತ್ತದೆ.

ಮೂರನೆಯದು, ಗೋವಾ. ಅಲ್ಲಿ ಕಡಲಿದೆ, ಬಿಸಿಲಿದೆ, ಹಾಡಿದೆ, ಪ್ರೀತಿಯಿಂದ ನೋಡಿಕೊಳ್ಳುವವನಿದ್ದಾನೆ. ಸನಾ ನಗುತ್ತಾಳೆ. ಈ ದೃಶ್ಯಗಳು ಮನಸ್ಸಿಗೆ ಹಿತವಾಗಿವೆ, ಅಪಾಯವಿರುವುದೂ ಅಲ್ಲೇ. ಪ್ರೀತಿಯೊಂದಿದ್ದರೆ ಗುಣವಾಗುತ್ತದೆ, ಊರು ಬದಲಾದರೆ ಸರಿಹೋಗುತ್ತದೆ, ಮದುವೆ ಮಾಡಿದರೆ ನೆಟ್ಟಗಾಗುತ್ತದೆ ಎಂದು ನಂಬಿ ಎಷ್ಟು ಮನೆಗಳು ಎರಡು ಜೀವಗಳನ್ನು ಸಂಕಟಕ್ಕೆ ತಳ್ಳಿವೆ ಎಂಬುದನ್ನು ನಮ್ಮ ಗುಂಪಿನಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಮನೆಯವರ ಅಕ್ಕರೆಯಿಂದ ನಿಜವಾಗಿಯೂ ಸಹಾಯವಾಗುತ್ತದೆ. ಸದಾ ಟೀಕೆ, ಕೂಗಾಟ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಆದರೆ ಅಕ್ಕರೆ ಮಾತ್ರೆಯ ಜಾಗವನ್ನು ತುಂಬುವುದಿಲ್ಲ. ಈ ಕಾಯಿಲೆಗೆ ಪರಿಣಾಮಕಾರಿ ಔಷಧಗಳು 1950ರ ದಶಕದಿಂದ ಇವೆ. ದಿನಾ ಮಾತ್ರೆ ನುಂಗುವುದು ಕಷ್ಟವೆನ್ನುವವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ನುಗಳೂ ಇವೆ. ‘ಈಗ ಚೆನ್ನಾಗಿದ್ದಾಳಲ್ಲ’ ಎಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದೇ ಕಾಯಿಲೆ ಮತ್ತೆ ಬರುವುದಕ್ಕೆ ಸಾಮಾನ್ಯ ದಾರಿ.

ಮಾತ್ರೆ ನುಂಗುವುದರ ಕಷ್ಟವನ್ನು ಮಾತ್ರ ಹಗುರವಾಗಿ ಕಾಣಬೇಡಿ. ಕೈ ನಡುಕ, ನಿದ್ದೆಯ ಮಂಪರು, ಬಾಯಿ ಒಣಗುವುದು, ಕೆಲವು ಔಷಧಗಳಿಂದ ಮೈ ತೂಕ ಏರುವುದು, ಮುಟ್ಟು ಏರುಪೇರಾಗುವುದು ಎಲ್ಲವೂ ಇವೆ. ಮುಖವೂ ಮೈಯೂ ತನ್ನ ಬಂಡವಾಳವಾಗಿರುವ ನಟಿಗೆ ಇದರ ಅರ್ಥವೇನು ಎಂಬುದನ್ನು ಈ ಚಿತ್ರ ಮುಟ್ಟಿಲ್ಲ, ಮುಟ್ಟಿದ್ದರೆ ಚೆನ್ನಾಗಿತ್ತು. ಪರ್ವೀನ್ ಬಾಬಿ 1989ರಲ್ಲಿ ಮರಳಿದಾಗ ಪತ್ರಿಕೆಗಳು ಮೊದಲು ಬರೆದದ್ದು ಅವರ ದಪ್ಪನೆಯ ಮೈಯ ಬಗ್ಗೆ. ನಮ್ಮ ಚಿಕ್ಕಮ್ಮನಿಗೂ ಮದುವೆಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಏನಮ್ಮಾ, ಇಷ್ಟು ಊದಿಕೊಂಡಿದ್ದೀಯ’ ಎಂಬುದೇ. ಸನಾ ಗೋವಾದ ಮನೆಯಲ್ಲಿ ನಗುವ ದೃಶ್ಯದಲ್ಲಿ ನಿಲ್ಲಿಸಿ, ಮಾತ್ರೆಯಿಂದ ನಿಮಗೆ ಬಹಳ ತೊಂದರೆ ಕೊಡುವುದು ಯಾವುದು ಎಂದು ಮನೆಯಲ್ಲಿರುವವರನ್ನು ಕೇಳಿ. ಉತ್ತರವನ್ನು ಬರೆದುಕೊಂಡು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಹೇಳಿ. ಪ್ರಮಾಣ ಬದಲಿಸಲು, ಬೇರೆ ಔಷಧ ನೋಡಲು ಅವರಿಗೆ ದಾರಿಗಳಿವೆ.

ಹತ್ತಾರು ಜನರಿಗೆ ತೋರಿಸುವುದಾದರೆ

ಕಾಲೇಜಿನಲ್ಲೋ ಬಡಾವಣೆಯ ಸಂಘದಲ್ಲೋ ಪ್ರದರ್ಶನ ಏರ್ಪಡಿಸುವವರು ಮೊದಲು ಹಕ್ಕುದಾರರ ಅನುಮತಿ ಪಡೆಯಬೇಕು. ಇಪ್ಪತ್ತು ಜನರಿಗಿಂತ ಹೆಚ್ಚು ಸೇರಿಸಬೇಡಿ. ಹೆಚ್ಚಾದರೆ ಮಾತು ಭಾಷಣವಾಗುತ್ತದೆ. ಬಾಗಿಲ ಬಳಿಯ ಕುರ್ಚಿಗಳನ್ನು ಖಾಲಿ ಬಿಡಿ, ಎದ್ದು ಹೋಗಬೇಕೆನಿಸಿದವರು ಯಾರ ಕಾಲನ್ನೂ ದಾಟದೆ ಹೋಗುವಂತಿರಬೇಕು. ಒಬ್ಬ ಮನೋವೈದ್ಯರನ್ನೋ ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನೋ ಕರೆಯಿರಿ, ಆದರೆ ಮೈಕು ಮೊದಲು ಅವರ ಕೈಗೆ ಹೋಗದಿರಲಿ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416 ಅನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತವಾಗಿ ಕನ್ನಡದಲ್ಲಿ ಮಾತಾಡಬಹುದು.

ಚರ್ಚೆಯಲ್ಲಿ ‘ಇವರು ಹೊಡೆಯುತ್ತಾರಾ, ಅಪಾಯವೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ಕಾಯಿಲೆ ಇರುವ ಬಹುತೇಕರು ಯಾರಿಗೂ ಕೈ ಎತ್ತುವವರಲ್ಲ, ಪೆಟ್ಟು ತಿನ್ನುವವರಲ್ಲೇ ಅವರು ಹೆಚ್ಚು ಎಂಬುದನ್ನು ಸಮಾಧಾನದಿಂದ ಹೇಳಬೇಕು. ‘ಹುಚ್ಚಿ’, ‘ಮೆಂಟಲ್’, ‘ಸೈಕೋ’ ಎಂಬ ಮಾತುಗಳು ಬಂದರೆ ಗದರಿಸುವುದಕ್ಕಿಂತ, ‘ಸ್ಕಿಜೋಫ್ರೇನಿಯಾ ಇರುವವರು’ ಎಂದು ನೀವೇ ಮತ್ತೆ ಮತ್ತೆ ಹೇಳುತ್ತ ಹೋಗಿ. ಅರ್ಧ ಗಂಟೆಯಲ್ಲಿ ಸಭೆಯೂ ಹಾಗೆಯೇ ಹೇಳತೊಡಗುತ್ತದೆ. ಇಂದಿನ ನಟಿಯರ ಹೆಸರು ಹಿಡಿದು ‘ಅವಳಿಗೂ ಇದೇ ಇದೆಯಂತೆ’ ಎಂಬ ಮಾತು ಶುರುವಾದರೆ ಮಾತ್ರ ಅಲ್ಲೇ ತಡೆಯಬೇಕು. ಚಿಕಿತ್ಸೆಯಲ್ಲಿರುವವರ ಚಿತ್ರವನ್ನೋ ವಿವರವನ್ನೋ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದೆಂದು ಅದೇ 2017ರ ಕಾಯ್ದೆ ಹೇಳುತ್ತದೆ. ಸಭೆಯ ಹರಟೆಗೂ ಅದೇ ಮರ್ಯಾದೆ ಇರಲಿ. ತಾನೇ ಹೇಳಿಕೊಂಡವರ ಮಾತು ಬೇರೆ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ತಾವೇ ಬಹಿರಂಗವಾಗಿ ಮಾತಾಡಿದರು. ಅವರು ಸ್ಥಾಪಿಸಿದ ಸಂಸ್ಥೆ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಮಾನಸಿಕ ಕಾಯಿಲೆ ಇರುವವರ ನಡುವೆ ಕೆಲಸ ಮಾಡಿದೆ. ಖಿನ್ನತೆ ಮತ್ತು ಸ್ಕಿಜೋಫ್ರೇನಿಯಾ ಒಂದೇ ಅಲ್ಲ, ಎರಡನೆಯದನ್ನು ಹೇಳಿಕೊಳ್ಳುವುದು ಇಂದಿಗೂ ಬಹಳ ಕಷ್ಟ. ಆದರೆ ಒಬ್ಬ ನಟಿ ತನ್ನ ಕಾಯಿಲೆಯನ್ನು ತನ್ನ ಬಾಯಲ್ಲೇ ಹೇಳಿದಾಗ ಕೇಳುವವರ ಮನಸ್ಸಿನಲ್ಲಿ ಏನಾಗುತ್ತದೆ, ‘ವೋ ಲಮ್ಹೇ’ಯ ಸನಾಳನ್ನು ಇನ್ನೊಬ್ಬರ ನೆನಪಿನಲ್ಲಿ ನೋಡಿದಾಗ ಏನಾಗುತ್ತದೆ ಎಂದು ಸಭೆಯನ್ನು ಕೇಳಿ ನೋಡಿ. ನಮ್ಮ ಸಭೆಗಳಲ್ಲಿ ಉಳಿದೆಲ್ಲ ಪ್ರಶ್ನೆಗಳಿಗಿಂತ ಇದಕ್ಕೆ ಹೆಚ್ಚು ಕೈಗಳು ಎದ್ದಿವೆ.

ಕೊನೆಯ ದೃಶ್ಯ

ಸನಾಳ ಸಾವಿನೊಡನೆ ಚಿತ್ರ ಮುಗಿಯುತ್ತದೆ. ಕಥೆಗೆ ಅದು ಒಪ್ಪಬಹುದು; ಆದರೆ ಈ ಕಾಯಿಲೆಯ ಕೊನೆ ಸಾವು ಎಂದು ಯಾರೂ ತಿಳಿಯಬಾರದು. ಚಿಕಿತ್ಸೆ ಪಡೆದು ಕೆಲಸಕ್ಕೆ ಹೋಗುವವರು, ಸಂಸಾರ ನಡೆಸುವವರು, ದನಿಗಳು ಪೂರ್ತಿ ಹೋಗದಿದ್ದರೂ ಅವುಗಳ ಜೊತೆಗೇ ಅಡುಗೆ ಮಾಡಿ ಹೂಗಿಡಕ್ಕೆ ನೀರು ಹಾಕಿ ದಿನ ಕಳೆಯುವವರು ಸಾಕಷ್ಟು ಮಂದಿ ಇದ್ದಾರೆ. ಸಭೆಯಲ್ಲಾದರೆ ಚಿತ್ರ ಮುಗಿದ ಕೂಡಲೇ ಜನರನ್ನು ಕಳಿಸಬೇಡಿ. ಕಾಫಿ ಕೊಡಿ, ಹತ್ತು ನಿಮಿಷ ಯಾರೂ ಏನೂ ಮಾತಾಡದಿದ್ದರೂ ಬಿಡಿ. ಒಬ್ಬರೇ ಮೂಲೆಯಲ್ಲಿ ಕುಳಿತವರಿದ್ದರೆ ಹತ್ತಿರ ಹೋಗಿ ಕುಳಿತುಕೊಳ್ಳಿ. ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ ಎಂದು ಸ್ಪಷ್ಟವಾಗಿ ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುವುದಿಲ್ಲ, ಇದ್ದರೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ಮನೆಯಲ್ಲಾದರೆ ಕೊನೆಯ ಭಾಗವನ್ನು ನೋಡಲೇಬೇಕೆಂಬ ಹಟವೂ ಬೇಡ.

ನಮ್ಮ ಚಿಕ್ಕಮ್ಮ ಅದನ್ನು ಇದುವರೆಗೂ ನೋಡಿಲ್ಲ. ಕಥೆಯ ಕೊನೆಯನ್ನು ನಾವು ಮೊದಲೇ ಹೇಳಿದ್ದೆವು, ಅವರಿಗೆ ಅದು ಚೆನ್ನಾಗಿ ಗೊತ್ತು. ಗೋವಾದ ಹಾಡು ಮುಗಿಯುತ್ತಿದ್ದಂತೆ ಅವರು ಟಿವಿ ಆರಿಸಿ, ರಿಮೋಟನ್ನು ಅದರ ಜಾಗದಲ್ಲಿಟ್ಟು, ಮಾತ್ರೆಯ ಡಬ್ಬಿ ತರಲು ಒಳಗೆ ಹೋದರು. ಉಳಿದದ್ದನ್ನು ಇನ್ನೊಂದು ಭಾನುವಾರ ನೋಡೋಣವೇ ಎಂದು ಕೇಳಿದ್ದಕ್ಕೆ, ‘ಬೇಡ, ಅವಳು ಗೋವಾದಲ್ಲೇ ಇದಾಳೆ ಬಿಡೇ’ ಎಂದರು.